ಅರಮನೆ ಎಲ್ಲಿದೆ?

ಕಿತ್ತೂರು ಕೋಟೆಗೆ ಪ್ರವಾಸ ಬರುವ ಮಕ್ಕಳು ಬಸ್ಸಿಳಿದ ಕೂಡಲೇ ಕೇಳುವುದು ಇದನ್ನೇ. ಎದುರಿಗೆ ಇರುವುದು ಮೊಂಡು ಗೋಡೆಗಳು, ಅಡಿಪಾಯ, ಕೋಣೆಗಳ ಗುರುತು. ಮಕ್ಕಳದೇನೂ ತಪ್ಪಿಲ್ಲ. ನಮ್ಮೆಲ್ಲರ ಮನಸ್ಸಿನಲ್ಲಿರುವ ಅರಮನೆ ಎದ್ದಿದ್ದು 1961ರಲ್ಲಿ, ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಸಿನಿಮಾದಲ್ಲಿ. ಬಿ. ಸರೋಜಾದೇವಿ ನಿಂತಿದ್ದ ಆ ದರ್ಬಾರನ್ನೇ ನಾವು ಕಿತ್ತೂರು ಎಂದು ನಂಬಿ ಬೆಳೆದೆವು.

ಆ ಸಿನಿಮಾದ ಅರಮನೆಯನ್ನು ನಿಜವಾಗಿ ಕಟ್ಟಿಬಿಡುವ ಆಸೆ ಸರ್ಕಾರಕ್ಕೂ ಹುಟ್ಟಿತು. 2022ರಲ್ಲಿ ಅರಮನೆಯ ಪ್ರತಿರೂಪ ನಿರ್ಮಿಸುವ ಮಾತು ಬಂದು, ಪಕ್ಕದ ಬಚ್ಚನಕೇರಿಯ ಹೆಸರು ಕೇಳಿಬಂದಾಗ ಕಿತ್ತೂರಿನವರು ಸಿಡಿದೆದ್ದರು. ಅರಮನೆ ಆಗುವುದಾದರೆ ಕೋಟೆಯ ಬಳಿಯೇ ಆಗಲಿ ಎಂಬುದು ಅವರ ಹಟ. ಜಗಳವೆಲ್ಲ ಎಲ್ಲಿ ಕಟ್ಟಬೇಕು ಎಂಬುದರ ಸುತ್ತಲೇ ಸುತ್ತಿತು. ಕಟ್ಟಬೇಕೇ ಎಂಬ ಪ್ರಶ್ನೆ ಮೂಲೆಗೆ ಸರಿಯಿತು. ನನಗೆ ಸಂಕಟವಾಗುವುದು ಇಲ್ಲಿಯೇ.

ಪಾಳುಬಿದ್ದ ಆ ಅರಮನೆಯಲ್ಲಿ ಕೊಳವೆಯಂಥ ಒಂದು ಕಿಂಡಿಯಿದೆ. ಅದಕ್ಕೆ ಕಣ್ಣಿಟ್ಟು ಧ್ರುವ ನಕ್ಷತ್ರ ನೋಡುತ್ತಿದ್ದರೆಂದು ಊರವರು ತೋರಿಸುತ್ತಾರೆ. ಕೋಟೆಯೊಳಗಿನ ವಸ್ತುಸಂಗ್ರಹಾಲಯ ಶುರುವಾದದ್ದು 1967ರಲ್ಲಿ. ಅರಮನೆಯ ಕೆತ್ತನೆಯ ಬಾಗಿಲು, ಕಿಟಕಿಗಳು ಅಲ್ಲಿವೆ, ಕತ್ತಿ, ಕಠಾರಿಗಳಿವೆ. ಬಾಗಿಲು ಒಳಗಡೆ, ಅದು ನಿಂತಿದ್ದ ಗೋಡೆ ಹೊರಗಡೆ. ಎರಡನ್ನೂ ಜೋಡಿಸಿ ಹೇಳುವ ಒಂದು ನಕ್ಷೆ, ಮರದ ಒಂದು ಪುಟ್ಟ ಮಾದರಿ ಇದ್ದರೆ ಮಗುವಿನ ಪ್ರಶ್ನೆಗೆ ಉತ್ತರ ಸಿಕ್ಕೀತು. ಹೊಸ ಸಿಮೆಂಟಿನ ಅರಮನೆ ಎದ್ದರೆ ಆ ಕಿಂಡಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ.

1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನ ದಂಡು ಹೊರಗೆ ನುಗ್ಗಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಆ ನೆಲದಲ್ಲೇ. ಡಿಸೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ದೊಡ್ಡ ಸೈನ್ಯದೊಂದಿಗೆ ತಿರುಗಿ ಬಂತು, ಕೋಟೆ ಕೈಬಿಟ್ಟಿತು, ರಾಣಿ ಚೆನ್ನಮ್ಮ ಸೆರೆಯಾಗಿ ಬೈಲಹೊಂಗಲ ಸೇರಿದಳು. ಅಂಥ ನೆಲದ ಮೇಲೆ ಟಿಕೆಟ್ ಕಟ್ಟೆ, ತಿಂಡಿ ಅಂಗಡಿ, ಪಾರ್ಕಿಂಗ್ ಹರಡುವ ಮುನ್ನ ಎಂಜಿನಿಯರು ಅಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಬೇಕು. ಹಂಪಿ ನಮಗೆ ಪಾಠ ಕಲಿಸಿಯಾಗಿದೆ. ಹೊಸ ಸೇತುವೆಗಳ ಕಾರಣಕ್ಕೆ 1999ರಲ್ಲಿ ಅದು ಯುನೆಸ್ಕೊದ ಅಪಾಯದ ಪಟ್ಟಿ ಸೇರಿತ್ತು. ಹೊರಬರಲು 2006ರವರೆಗೆ ಕಾಯಬೇಕಾಯಿತು.

ಕಿತ್ತೂರಿಗಾದರೂ ಜಗಳವಾಡುವ ಜನರಿದ್ದಾರೆ. ಚೆನ್ನಮ್ಮನ ತವರು ಕಾಕತಿಗೆ ಆ ಭಾಗ್ಯವೂ ಕಡಿಮೆ. ಧೂಳಪ್ಪ ದೇಸಾಯಿಯವರ ಮಗಳಾಗಿ 1778ರಲ್ಲಿ ಅವಳು ಹುಟ್ಟಿದ ಈ ಊರು ಬೆಳಗಾವಿಯ ಮಗ್ಗುಲಲ್ಲೇ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ಅದೇ ರಸ್ತೆ ಹಿಡಿದು ಧಾರವಾಡದ ಕಡೆ ಹೋದರೆ ಅವಳ ಗಂಡನ ಮನೆ ಕಿತ್ತೂರು. ತವರನ್ನೂ ಗಂಡನ ಮನೆಯನ್ನೂ ಒಂದೇ ಹೆದ್ದಾರಿ ಕೂಡಿಸಿದ್ದರೂ ಪ್ರವಾಸಿ ಬಸ್ಸುಗಳು ಕಾಕತಿಯನ್ನು ದಾಟಿ ಓಡುತ್ತವೆ. ಉತ್ಸವದ ದಿನ ಹಾರ, ಭಾಷಣ. ಮರುದಿನ ಎಂದಿನ ಟ್ರಕ್ಕುಗಳ ಸದ್ದು.

ಖಾನಾಪುರ ತಾಲ್ಲೂಕಿನ ನಂದಗಡದ್ದು ಬೇರೆಯೇ ಕಥೆ. ಚೆನ್ನಮ್ಮನ ಬಂಟ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ಊರದು. ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಿಲ್ಲದ ಹೆಣ್ಣುಮಕ್ಕಳು ಹರಕೆ ಹೊತ್ತು ತೊಟ್ಟಿಲು ಕಟ್ಟುತ್ತಾರೆ. ಅವರನ್ನು ಪ್ರವಾಸಿಗರೆಂದು ಎಣಿಸಿ ಬೇಲಿಯಾಚೆ ಸಾಲು ನಿಲ್ಲಿಸುವ ಯೋಜನೆ ಯಾವುದೇ ಆಗಲಿ, ಅದು ರಾಯಣ್ಣನನ್ನು ಅವನ ಜನರಿಂದಲೇ ದೂರ ಮಾಡೀತು. ಅಲ್ಲಿ ಬೇಕಿರುವುದು ನೆರಳು, ಕುಡಿಯುವ ನೀರು, ಶೌಚಾಲಯ, ಕೂರಲು ಕಟ್ಟೆ.

ಪ್ರವಾಸಿ ಕೇಂದ್ರ ಕಟ್ಟುವುದಾದರೆ ಮೊದಲು ಕಾಕತಿಯಲ್ಲಿ ಕಟ್ಟಲಿ. ಹೆದ್ದಾರಿಗೆ ಕಾಣುವಂತೆ ಒಂದೇ ಅಂತಸ್ತಿನ ಹೆಂಚಿನ ಮನೆ, ಬಸ್ಸು ತಿರುಗುವಷ್ಟು ಜಾಗ, ಕಿತ್ತೂರಿನ ಅರಮನೆಯ ಮಾದರಿ ಒಳಗೆ, ಬೈಲಹೊಂಗಲ–ನಂದಗಡದ ದಾರಿ ಗೋಡೆಯ ಮೇಲೆ, ಬರಹ ಕನ್ನಡ ಮರಾಠಿ ಎರಡರಲ್ಲೂ. ಕಿತ್ತೂರಿನಲ್ಲಿ ಕೋಟೆಯ ಗೋಡೆಗಿಂತ ಎತ್ತರದ್ದೇನೂ ಏಳದಿರಲಿ. ಕೋಟೆಯ ಬಳಿಯೇ ಆಗಲಿ ಎಂದು ಬೀದಿಗಿಳಿದವರ ಕಾಳಜಿಯನ್ನು ಮೊದಲು ಪಾಳುಗೋಡೆಗಳ ರಕ್ಷಣೆಗೆ ಬಳಸಿಕೊಳ್ಳಬಹುದು. ಮಳೆಗಾಲಕ್ಕೆ ಮುಂಚೆ ಆಗಬೇಕಾದ ಕೆಲಸವದು.