2ಬಿ ಎಂದರೇನು? ಸೀಟು, ಅಂಕ ಮತ್ತು ಮೀಸಲಾತಿಯ ಲೆಕ್ಕ

ಸಿಇಟಿ ಅರ್ಜಿ ತುಂಬುವ ದಿನಗಳು ಬಂದರೆ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. ‘ಸರ್, 2ಬಿ ಅಂದರೆ ಅಲ್ಪಸಂಖ್ಯಾತರ ಕೋಟಾನಾ?’ ‘2ಬಿ ತೆಗೆದುಹಾಕಿದ್ದಾರಂತೆ, ಅರ್ಜಿಯಲ್ಲಿ ಏನು ಬರೆಯೋದು?’ ಮೂರನೆಯದನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳುತ್ತಾರೆ: ‘ಮೀಸಲಾತಿ ಸೀಟು ಅಂದರೆ ಪ್ರತಿಭೆ ಇಲ್ಲ ಅಂತಾರಲ್ಲ ಸರ್, ನಿಜವಾ?’ ರಾಜ್ಯಶಾಸ್ತ್ರ ಕಲಿಸುವವನಾಗಿ ಮೂರಕ್ಕೂ ಇಲ್ಲಿ ಉತ್ತರಿಸಲು ಪ್ರಯತ್ನಿಸುತ್ತೇನೆ.

ಮೊದಲನೆಯದು ಸುಲಭ. ಅಲ್ಪಸಂಖ್ಯಾತ ಎನ್ನುವುದು ಒಂದು, ಹಿಂದುಳಿದ ವರ್ಗ ಎನ್ನುವುದು ಇನ್ನೊಂದು. ಅಲ್ಪಸಂಖ್ಯಾತರು ತಮ್ಮ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕು ಸಂವಿಧಾನದ 30ನೇ ವಿಧಿಯಿಂದ ಬಂದದ್ದು. ಸೀಟಿನ ಮೀಸಲಾತಿಗೆ ಆಧಾರ 15(4)ನೇ ವಿಧಿ. ಅದು ‘ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ’ ವರ್ಗಗಳ ಬಗ್ಗೆ ಮಾತನಾಡುತ್ತದೆ. ಧರ್ಮ ಯಾವುದು ಎಂದು ಅದು ಕೇಳುವುದಿಲ್ಲ. ಕರ್ನಾಟಕದಲ್ಲಿ ಕ್ರೈಸ್ತರೂ ಅಲ್ಪಸಂಖ್ಯಾತರೇ, ಆದರೆ ಅವರು ಇರುವುದು 3ಬಿಯಲ್ಲಿ. ನಮ್ಮಲ್ಲೇ ನದಾಫ್, ಪಿಂಜಾರರು ಪ್ರವರ್ಗ-1ರಲ್ಲಿದ್ದಾರೆ. ಅಂದರೆ 2ಬಿ ಎನ್ನುವುದು ಧರ್ಮಕ್ಕೆ ಕೊಟ್ಟ ಬಹುಮಾನವಲ್ಲ. ಹಿಂದುಳಿದಿದ್ದಾರೆ ಎಂಬ ಲೆಕ್ಕದ ಮೇಲೆ ಕೊಟ್ಟದ್ದು.

ಈ ಲೆಕ್ಕ ಶುರುವಾದದ್ದು ನಮ್ಮ ನೆಲದಲ್ಲೇ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. ಇಂಗ್ಲಿಷ್ ಬಲ್ಲವರು ನೂರಕ್ಕೆ 5ಕ್ಕಿಂತ ಕಡಿಮೆ ಇರುವ ಸಮುದಾಯಗಳನ್ನು ಆ ಸಮಿತಿ ಹಿಂದುಳಿದವು ಎಂದು ಪರಿಗಣಿಸಿತು. ಅದರಲ್ಲಿ ಮುಸ್ಲಿಮರೂ ಇದ್ದರು. ಇದರಿಂದ ಆಡಳಿತದ ದಕ್ಷತೆ ಕುಗ್ಗುತ್ತದೆ ಎಂಬುದು ದಿವಾನ್ ವಿಶ್ವೇಶ್ವರಯ್ಯನವರ ಆತಂಕವಾಗಿತ್ತು. ಅವರು ಹುದ್ದೆ ಬಿಟ್ಟರು. ಇಂದು ಟಿವಿಯಲ್ಲಿ ಕೇಳುವ ‘ಪ್ರತಿಭೆಯೋ ಮೀಸಲಾತಿಯೋ’ ಎಂಬ ವಾದಕ್ಕೆ ನೂರು ವರ್ಷ ದಾಟಿದೆ ಎಂದಾಯಿತು.

ಅದು ಹೆಚ್ಚಾಗಿ ಸರ್ಕಾರಿ ನೌಕರಿಯ ಮಾತು. ಕಾಲೇಜು ಸೀಟಿನ ಜಗಳ ಸುಪ್ರೀಂ ಕೋರ್ಟ್ ಮುಟ್ಟಿದ್ದು ಮದ್ರಾಸಿನಿಂದ. ಅಲ್ಲಿ ಪ್ರತಿ 14 ಸೀಟಿನಲ್ಲಿ ಯಾವ ಸಮುದಾಯಕ್ಕೆ ಎಷ್ಟು ಎಂದು ಮೊದಲೇ ಹಂಚಲಾಗಿತ್ತು; ಮುಸ್ಲಿಮರ ಪಾಲು 1. ಚಂಪಕಂ ದೊರೈರಾಜನ್ ಪ್ರಕರಣದಲ್ಲಿ 1951ರಲ್ಲಿ ಕೋರ್ಟ್ ಅದನ್ನು ರದ್ದುಮಾಡಿತು. ಅದೇ ವರ್ಷ ಸಂಸತ್ತು ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು 15(4) ಸೇರಿಸಿತು.

ಆಮೇಲೆ ಮತ್ತೆ ಮೈಸೂರು. 1962ರಲ್ಲಿ ರಾಜ್ಯ ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ 68% ಸೀಟುಗಳನ್ನು ಮೀಸಲಿಟ್ಟಿತು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಅತಿಯಾಯಿತು, ಸಾಮಾನ್ಯವಾಗಿ 50%ಕ್ಕಿಂತ ಕಡಿಮೆ ಇರಬೇಕು ಎಂದಿತು. ಹಿಂದುಳಿದಿರುವಿಕೆಗೆ ಜಾತಿಯೊಂದೇ ಅಳತೆಗೋಲಾಗಬಾರದು ಎಂದೂ ಹೇಳಿತು. 1992ರ ಇಂದ್ರಾ ಸಾಹ್ನಿ ತೀರ್ಪು 50%ರ ಮಿತಿಯನ್ನು ಗಟ್ಟಿ ಮಾಡಿ, ಹಿಂದುಳಿದವರಲ್ಲೇ ಮುಂದೆ ಬಂದ ‘ಕೆನೆಪದರ’ವನ್ನು ಹೊರಗಿಡಬೇಕೆಂದಿತು.

ಈ ಮಿತಿಯೊಳಗೆ ಬಂದದ್ದೇ ಇಂದಿನ ಲೆಕ್ಕ. ಚಿನ್ನಪ್ಪ ರೆಡ್ಡಿ ಆಯೋಗ 1990ರ ವರದಿಯಲ್ಲಿ ಮುಸ್ಲಿಮರನ್ನು ಹಿಂದುಳಿದ ವರ್ಗವೆಂದು ಪರಿಗಣಿಸಿತ್ತು. 1995ರ ಸರ್ಕಾರಿ ಆದೇಶದಂತೆ ಪ್ರವರ್ಗ-1ಕ್ಕೆ 4%, 2ಎಗೆ 15%, 2ಬಿಗೆ 4%, 3ಎಗೆ 4%, 3ಬಿಗೆ 5%, ಒಟ್ಟು 32%. ಪರಿಶಿಷ್ಟ ಜಾತಿಯ 15%, ಪಂಗಡದ 3% ಸೇರಿ 50% ಆಯಿತು. ಪರಿಶಿಷ್ಟರ ಪಾಲನ್ನು 2022ರಲ್ಲಿ 17% ಮತ್ತು 7%ಕ್ಕೆ ಏರಿಸಲಾಯಿತು.

ಇನ್ನು ಎರಡನೆಯ ಪ್ರಶ್ನೆ. 2023ರ ಮಾರ್ಚ್‌ನಲ್ಲಿ, ವಿಧಾನಸಭಾ ಚುನಾವಣೆಗೆ ಸ್ವಲ್ಪ ಮೊದಲು, ಆಗಿನ ಸರ್ಕಾರ 2ಬಿಯ 4% ತೆಗೆದು ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ 2% ಹಂಚಿತು. ಮುಸ್ಲಿಮರು ಆರ್ಥಿಕವಾಗಿ ದುರ್ಬಲರ 10%ರಲ್ಲಿ ಅವಕಾಶ ಪಡೆಯಲಿ ಎಂದಿತು. ಧರ್ಮಾಧಾರಿತ ಮೀಸಲಾತಿಗೆ ಸಂವಿಧಾನದಲ್ಲಿ ಜಾಗವಿಲ್ಲ ಎಂಬುದು ಅದರ ವಾದ. ಆಯೋಗಗಳ ವರದಿಯನ್ನು ಬದಿಗಿಟ್ಟು, ಹೊಸ ಅಧ್ಯಯನವಿಲ್ಲದೆ ತೆಗೆದದ್ದು ಸರಿಯಲ್ಲ ಎಂಬುದು ಅರ್ಜಿದಾರರ ವಾದ. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋದಾಗ, ಸದ್ಯಕ್ಕೆ ಆದೇಶ ಜಾರಿ ಮಾಡುವುದಿಲ್ಲವೆಂದು ಸರ್ಕಾರವೇ ಭರವಸೆ ಕೊಟ್ಟಿತು. ನಂತರದ ಸಿಇಟಿಗಳಲ್ಲೂ 2ಬಿ ಮುಂದುವರಿದಿದೆ. ಆದ್ದರಿಂದ ಅರ್ಜಿಯಲ್ಲಿ 2ಬಿ ಎಂದೇ ಬರೆಯಿರಿ.

ಮೂರನೆಯ ಪ್ರಶ್ನೆಗೆ ಎರಡೂ ಕಡೆಯ ಮಾತನ್ನು ಕೇಳಬೇಕು. ನನಗಿಂತ ಕಡಿಮೆ ಅಂಕದವನಿಗೆ ಸೀಟು ಸಿಕ್ಕಿತು ಎನ್ನುವ ಹುಡುಗನ ನೋವು ಸುಳ್ಳಲ್ಲ. ಅವನೂ ರಾತ್ರಿ ನಿದ್ದೆಗೆಟ್ಟು ಓದಿದವನೇ. ಆದರೆ ಅಂಕ ಎಲ್ಲವನ್ನೂ ಹೇಳುವುದಿಲ್ಲ. ಕೋಚಿಂಗ್, ಮನೆಯಲ್ಲಿ ಓದಿದ ತಾಯಿ-ತಂದೆ, ಓದಲು ಒಂದು ಮೂಲೆ, ಇವೆಲ್ಲ ಅಂಕದೊಳಗೆ ಸೇರಿಕೊಂಡಿರುತ್ತವೆ. ನೀಟ್ ಸ್ನಾತಕೋತ್ತರ ಪ್ರವೇಶದ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಪ್ರತಿಭೆಯನ್ನು ಪರೀಕ್ಷೆಯ ಅಂಕಕ್ಕೆ ಮಾತ್ರ ಇಳಿಸಲಾಗದು ಎಂದಿತು. ಇನ್ನೊಂದು ಸಂಗತಿ: ತನ್ನ ರ‍್ಯಾಂಕ್‌ನಿಂದಲೇ ಜನರಲ್ ಮೆರಿಟ್ ಸೀಟು ಪಡೆಯುವ 2ಬಿ ವಿದ್ಯಾರ್ಥಿ ಮೀಸಲು ಸೀಟನ್ನು ಬಳಸುವುದೇ ಇಲ್ಲ. ಸೀಟು ಹೇಗೇ ಸಿಗಲಿ, ಮುಂದಿನ ಪರೀಕ್ಷೆಗಳಲ್ಲಿ ಪಾಸಾಗಲು ಎಲ್ಲರಿಗೂ ಬೇಕಾದ ಅಂಕ ಒಂದೇ.

ಹಾಗೆಂದು ನಮ್ಮ ಕಡೆಯಿಂದಲೂ ಪ್ರಾಮಾಣಿಕತೆ ಬೇಕು. 2ಬಿಗೆ ಕೆನೆಪದರದ ನಿಯಮವಿದೆ. ಆದಾಯ ಮಿತಿ ವರ್ಷಕ್ಕೆ 8 ಲಕ್ಷ ರೂಪಾಯಿ. ದೊಡ್ಡ ಅಂಗಡಿ, ಕಟ್ಟಡಗಳಿರುವ ಮನೆಯವರು ಕಡಿಮೆ ಆದಾಯ ತೋರಿಸಿ ಪ್ರಮಾಣಪತ್ರ ಪಡೆದರೆ, ಆ ಸೀಟು ಹೋಗುವುದು ಬೇರೆ ಸಮುದಾಯದವರಿಂದಲ್ಲ, ಗ್ಯಾರೇಜಿನಲ್ಲಿ ದುಡಿಯುವವರ, ಬೀಡಿ ಕಟ್ಟುವವರ ಮಗಳಿಂದ. 2ಬಿ ಉಳಿಯಬೇಕು ಎಂದು ವಾದಿಸುವ ಹಕ್ಕು ನಮಗಿರಬೇಕಾದರೆ ಈ ಮೋಸಕ್ಕೆ ನಮ್ಮ ಮೊಹಲ್ಲಾಗಳಲ್ಲೇ ಬೆಲೆ ಸಿಗಬಾರದು.

ಮೀಸಲು ಸೀಟಿನವರೆಗೆ ತಲುಪುವವರೇ ಕಡಿಮೆ ಎಂಬುದನ್ನೂ ಮರೆಯಬಾರದು. ದೇಶದ ಹೆಸರಾಂತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಮುಸ್ಲಿಮರು ಒಬ್ಬರು, ಸ್ನಾತಕೋತ್ತರದಲ್ಲಿ 50ರಲ್ಲಿ ಒಬ್ಬರು ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ನಾಳೆ ಕೋರ್ಟಿನಲ್ಲಾಗಲಿ, ಬಸ್ಸಿನಲ್ಲಾಗಲಿ ಈ ಚರ್ಚೆ ಬಂದಾಗ ಘೋಷಣೆಗಿಂತ ಇಂಥ ಲೆಕ್ಕವೇ ಹೆಚ್ಚು ತೂಗುತ್ತದೆ.

ಕೊನೆಗೆ ಕೆಲಸದ ಮಾತು. ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿ, ಅದರ ಆರ್‌ಡಿ ಸಂಖ್ಯೆ ಅರ್ಜಿಗೆ ಬೇಕು. ಹೆಸರಿನ ಅಕ್ಷರಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದಲಿ. ಹಳ್ಳಿಯಲ್ಲಿ 1ರಿಂದ 10ನೇ ತರಗತಿ ಓದಿದವರು ಗ್ರಾಮೀಣ ಮೀಸಲಾತಿಯನ್ನೂ, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರು ಕನ್ನಡ ಮಾಧ್ಯಮದ ಮೀಸಲಾತಿಯನ್ನೂ ಕೇಳಬಹುದು. ಕೇಂದ್ರದ ಒಬಿಸಿ ಪಟ್ಟಿ ಬೇರೆ. 2ಬಿಯಲ್ಲಿರುವ ಎಲ್ಲರೂ ಅದರಲ್ಲಿಲ್ಲ. ಅನುಮಾನ ಬಂದರೆ ಕೊನೆಯ ದಿನದವರೆಗೆ ಕಾಯದೆ ಸ್ಟಾಫ್ ರೂಮಿಗೆ ಬನ್ನಿ.