ತೋಟದ ದುಡಿಮೆ, ಹೆಂಗಸರ ಹಕ್ಕು ಮತ್ತು ದೇಶದ ಸಂಪತ್ತು

ಧಾರಣೆ, ಕೊಳೆರೋಗ, ಆಳಿನ ಅಭಾವ, ಸಾಲದ ಕಂತು – ಇವು ನಮ್ಮ ಸದಸ್ಯ ಬಾಂಧವರ ನಿತ್ಯದ ಚಿಂತೆಗಳು. ಇವುಗಳ ನಡುವೆ ‘ಮಹಿಳಾ ಸಬಲೀಕರಣದಿಂದ ದೇಶದ ಆರ್ಥಿಕ ಬೆಳವಣಿಗೆ’ ಎಂಬ ಮಾತು ಕಿವಿಗೆ ಬಿದ್ದರೆ, ಅದು ಸಭೆಯ ವೇದಿಕೆಗೆ ಮೀಸಲಾದ ಮಾತೆಂದು ಬದಿಗಿಡುವವರೇ ಹೆಚ್ಚು. ಆದರೆ ಈ ವಿಷಯ ಭಾಷಣಕ್ಕಿಂತ ಲೆಕ್ಕಾಚಾರಕ್ಕೆ ಹತ್ತಿರವಾದುದು. ಆ ಲೆಕ್ಕ ನಮ್ಮ ಕಣ, ಅಂಗಳ ಮತ್ತು ಪಹಣಿಗಳಲ್ಲೇ ಇದೆ. ಅದನ್ನು ಸಾಧ್ಯವಾದಷ್ಟು ಸರಳವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಲೆಕ್ಕಕ್ಕೆ ಸಿಗದ ದುಡಿಮೆ

ಕಾಫಿ ತೋಟದಲ್ಲಿ ಸಸಿಮಡಿಯ ಚೀಲಕ್ಕೆ ಮಣ್ಣು ತುಂಬುವುದು, ಕಳೆ ತೆಗೆಯುವುದು, ಹಣ್ಣು ಕೊಯ್ಯುವುದು, ಕಣದಲ್ಲಿ ಒಣಹಾಕಿ ಕೈಯಾಡಿಸುವುದು, ಮುಂದೆ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವುದು – ಇವೆಲ್ಲ ಬಹುಮಟ್ಟಿಗೆ ಹೆಂಗಸರ ಕೆಲಸ. ಅಡಿಕೆಯಲ್ಲಿ ಮರ ಹತ್ತಿ ಕೊನೆ ಇಳಿಸುವುದು ಗಂಡಸರದಾದರೆ, ಉದುರಿದ ಅಡಿಕೆ ಹೆಕ್ಕುವುದರಿಂದ ಹಿಡಿದು ಸುಲಿಗೆ, ಬೇಯಿಸುವುದು, ಒಣಗಿಸುವುದು, ಆರಿಸಿ ಬೇರ್ಪಡಿಸುವುದು – ಇವುಗಳಲ್ಲಿ ದೊಡ್ಡ ಪಾಲು ಹೆಂಗಸರದು. ಕೂಲಿಗೆ ಬರುವ ಹೆಂಗಸರಷ್ಟೇ ಅಲ್ಲ, ಸಣ್ಣ ಹಿಡುವಳಿಗಳಲ್ಲಿ ಮನೆಯ ಹೆಂಗಸರೂ ಇದರಲ್ಲಿ ಸೇರಿದ್ದಾರೆ.

ಮಾಲು ಸಂಘಕ್ಕೆ ಬಂದಾಗ ಚೀಟಿ ಮಾತ್ರ ಸದಸ್ಯನ ಹೆಸರಿನಲ್ಲಿ ಆಗುತ್ತದೆ. ದೇಶದ ಉತ್ಪನ್ನದ ಲೆಕ್ಕದಲ್ಲೂ ಅಡಿಕೆಯ ಬೆಲೆ ಸೇರುತ್ತದೆ, ಆದರೆ ಅದರಲ್ಲಿ ಮನೆಯಾಕೆಯ ದುಡಿಮೆ ಎಷ್ಟು ಎಂದು ಯಾರೂ ಬಿಡಿಸಿ ನೋಡುವುದಿಲ್ಲ. ಅಡುಗೆ, ನೀರು, ಮಕ್ಕಳು ಮತ್ತು ಹಿರಿಯರ ಆರೈಕೆಯಂತೂ ಆ ಲೆಕ್ಕಕ್ಕೆ ಬರುವುದೇ ಇಲ್ಲ. 2019ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆಂದು ಕಂಡುಬಂತು. ಅಂಥ ಕೆಲಸ ಮಾಡುವ ಗಂಡಸರು ಕೊಡುವುದು 97 ನಿಮಿಷ.

ಇನ್ನೊಂದು ಅಂಕಿ ನೋಡೋಣ. ದೇಶದಲ್ಲಿ 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಮೆಯಲ್ಲಿರುವವರು ಅಥವಾ ದುಡಿಮೆ ಹುಡುಕುವವರು 2017-18ರಲ್ಲಿ ಶೇಕಡಾ 23.3 ಇದ್ದರು. 2023-24ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡಾ 41.7ಕ್ಕೆ ಏರಿತು. ಕೇಳಲು ಸಂತೋಷವೇ. ಆದರೆ ಈ ಏರಿಕೆಯ ದೊಡ್ಡ ಭಾಗ ಹಳ್ಳಿಗಳದು, ಅದರಲ್ಲೂ ಸ್ವಂತ ಹೊಲ–ತೋಟಗಳಲ್ಲಿ ದುಡಿಯುವವರದು ಮತ್ತು ಕುಟುಂಬದ ಕಸುಬಿಗೆ ಸಂಬಳವಿಲ್ಲದೆ ನೆರವಾಗುವವರದು. ಅಂದರೆ ದುಡಿಮೆ ಲೆಕ್ಕದ ಪುಸ್ತಕಕ್ಕೆ ಬಂತು, ಹಣ ಕೈಗೆ ಬರಲಿಲ್ಲ. ಹಾಗಾದರೆ ಹಣ ಯಾರ ಕೈಗೆ ಬಂದರೇನು, ಮನೆ ಒಂದೇ ಅಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ನಮ್ಮಂಥದೇ ಒಂದು ತೋಟದ ಬೆಳೆಯಿಂದ ದೊರೆತಿದೆ.

ಚಹಾ ಬೆಳೆ ಕಲಿಸಿದ ಪಾಠ

ಚೀನಾದಲ್ಲಿ ಮಾವೋ ಕಾಲದ ನಂತರ, 1978ರಿಂದೀಚೆಗೆ, ಕೃಷಿ ನೀತಿ ಬದಲಾಯಿತು. ಅದುವರೆಗೆ ಧಾನ್ಯಕ್ಕೇ ಒತ್ತು ಇತ್ತು. ಹೊಸ ನೀತಿಯಲ್ಲಿ ವಾಣಿಜ್ಯ ಬೆಳೆಗಳಿಗೆ ಒಳ್ಳೆಯ ಬೆಲೆ ಬಂತು. ಚಹಾ ಮತ್ತು ಹಣ್ಣಿನ ತೋಟಗಳು ಲಾಭ ಕಂಡವು. ಚಹಾ ಗಿಡ ಗಿಡ್ಡ, ಚಿಗುರು ಎಳೆಯದು. ಕೊಯ್ಲಿಗೆ ಹೆಂಗಸರ ಕೈ ಹೆಚ್ಚು ಒಗ್ಗುತ್ತದೆ. ಹಣ್ಣಿನ ಮರಗಳಿಗೆ ಎತ್ತರ, ತೋಳಬಲ ಬೇಕು. ಅಲ್ಲಿ ಗಂಡಸರದೇ ಮೇಲುಗೈ. ಹೀಗಾಗಿ ಚಹಾದ ಬೆಲೆ ಏರಿದ ಜಿಲ್ಲೆಗಳಲ್ಲಿ ಮನೆಯ ಆದಾಯದೊಳಗೆ ಹೆಂಗಸಿನ ಪಾಲು ಏರಿತು, ಹಣ್ಣಿನ ಜಿಲ್ಲೆಗಳಲ್ಲಿ ಗಂಡಸಿನ ಪಾಲು ಏರಿತು. ಯಾರೂ ಯೋಜಿಸದೆ ಒಂದು ದೊಡ್ಡ ಪ್ರಯೋಗವೇ ನಡೆದುಹೋದಂತಾಯಿತು.

ಇದರ ಪರಿಣಾಮವನ್ನು ಅರ್ಥಶಾಸ್ತ್ರಜ್ಞೆ ನ್ಯಾನ್ಸಿ ಚಿಯೆನ್ ಲೆಕ್ಕಹಾಕಿ 2008ರಲ್ಲಿ ಪ್ರಕಟಿಸಿದರು. ಗಂಡಸಿನ ಆದಾಯ ಇದ್ದಷ್ಟೇ ಇದ್ದು, ಮನೆಯ ಆದಾಯದ ಶೇಕಡಾ 10ರಷ್ಟು ಹೆಚ್ಚುವರಿ ಹಣ ಹೆಂಗಸಿನ ದುಡಿಮೆಯಿಂದ ಬಂದಲ್ಲಿ, ಬದುಕಿ ಉಳಿಯುವ ಹೆಣ್ಣುಮಕ್ಕಳ ಪಾಲು ನೂರಕ್ಕೆ ಒಂದರಷ್ಟು ಏರಿತು. ಗಂಡು–ಹೆಣ್ಣು ಎರಡೂ ಬಗೆಯ ಮಕ್ಕಳ ವಿದ್ಯಾಭ್ಯಾಸ ಸುಮಾರು ಅರ್ಧ ವರ್ಷ ಹೆಚ್ಚಿತು. ಗಂಡಸಿನ ಆದಾಯ ಮಾತ್ರ ಏರಿದಲ್ಲಿ ಹೆಣ್ಣುಮಕ್ಕಳ ಓದು ತಗ್ಗಿತು, ಗಂಡುಮಕ್ಕಳ ಓದಿನಲ್ಲಿ ಬದಲಾವಣೆ ಕಾಣಲಿಲ್ಲ. ಎಲ್ಲಕ್ಕಿಂತ ಗಮನಿಸಬೇಕಾದ ಅಂಶವೆಂದರೆ, ಇಬ್ಬರ ಪಾಲು ಮೊದಲಿನಂತೆಯೇ ಇದ್ದು ಮನೆಯ ಒಟ್ಟು ಆದಾಯ ಮಾತ್ರ ಏರಿದಾಗ, ಮಕ್ಕಳ ಉಳಿವಿನಲ್ಲಾಗಲಿ ಓದಿನಲ್ಲಾಗಲಿ ವ್ಯತ್ಯಾಸವೇ ಆಗಲಿಲ್ಲ.

ಇದರ ಅರ್ಥ ಗಂಡಸರಿಗೆ ಮಕ್ಕಳ ಮೇಲೆ ಪ್ರೀತಿಯಿಲ್ಲ ಎಂದಲ್ಲ. ಹೆಣ್ಣಿನ ಕೈ ದುಡಿಮೆಗೆ ಬೆಲೆ ಬಂದಾಗ ಹೆಣ್ಣುಮಗು ಮನೆಗೆ ಹೊರೆ ಎಂಬ ಎಣಿಕೆ ಸಡಿಲವಾಗುತ್ತದೆ. ಜೊತೆಗೆ ಮನೆಯ ತೀರ್ಮಾನಗಳಲ್ಲಿ ತಾಯಿಯ ಮಾತಿಗೆ ತೂಕ ಬರುತ್ತದೆ. ಆ ತೂಕ ಹೆಚ್ಚಾಗಿ ಶಾಲೆ, ಆಹಾರ, ಔಷಧಿಗಳ ಕಡೆಗೆ ವಾಲುತ್ತದೆ. ಅರ್ಧ ವರ್ಷದ ಹೆಚ್ಚುವರಿ ಓದು ಒಂದು ಮನೆಗೆ ಸಣ್ಣದಾಗಿ ಕಂಡರೂ, ಲಕ್ಷಾಂತರ ಮನೆಗಳಲ್ಲಿ ಕೂಡಿದಾಗ ಅದು ಮುಂದಿನ ತಲೆಮಾರಿನ ದುಡಿಯುವ ಶಕ್ತಿಯಾಗುತ್ತದೆ. ಸ್ತ್ರೀಯರ ಸ್ಥಾನಮಾನದಿಂದ ದೇಶದ ಸಂಪತ್ತಿಗೆ ಸಾಗುವ ಒಂದು ಮುಖ್ಯ ದಾರಿ ಇದು.

ಗೊಬ್ಬರ ಯಾವ ತುಂಡಿಗೆ?

ಎರಡನೆಯ ದಾರಿ ನೇರವಾಗಿ ಇಳುವರಿಯದು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದಲ್ಲಿ ಒಂದೇ ಮನೆಯ ಗಂಡ ಮತ್ತು ಹೆಂಡತಿ ಬೇರೆ ಬೇರೆ ತುಂಡು ಭೂಮಿಯನ್ನು ಸಾಗುವಳಿ ಮಾಡುವ ರೂಢಿಯಿದೆ. ಹೈದರಾಬಾದಿನ ಬಳಿ ಕೇಂದ್ರ ಕಚೇರಿ ಇರುವ ಇಕ್ರಿಸಾಟ್ ಸಂಸ್ಥೆ 1980ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ವಿವರವಾದ ಮಾಹಿತಿ ಸಂಗ್ರಹಿಸಿತ್ತು. ಅದನ್ನು ಬಳಸಿ ಕ್ರಿಸ್ಟೋಫರ್ ಉಡ್ರಿ ಎಂಬ ಅರ್ಥಶಾಸ್ತ್ರಜ್ಞರು 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಮನೆ, ಒಂದೇ ವರ್ಷ, ಒಂದೇ ಬೆಳೆ. ಆದರೂ ಹೆಂಗಸಿನ ತುಂಡಿನಲ್ಲಿ ಇಳುವರಿ ಕಡಮೆ. ಕಾರಣ ಆಕೆಯ ಕೌಶಲದ ಕೊರತೆಯಲ್ಲ. ಮನೆಯ ಗೊಬ್ಬರವೂ ಆಳಿನ ಬಲವೂ ಗಂಡಸಿನ ತುಂಡಿಗೇ ಹರಿಯುತ್ತಿದ್ದವು.

ಒಂದು ಮರಕ್ಕೆ ಅಗತ್ಯಕ್ಕಿಂತ ಹೆಚ್ಚು ಗೊಬ್ಬರ ಸುರಿದು ಪಕ್ಕದ ಮರವನ್ನು ಬರಿದಾಗಿ ಬಿಟ್ಟರೆ ಏನಾಗುತ್ತದೆಂಬುದು ಬೆಳೆಗಾರರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲ ಬುಟ್ಟಿ ಕೊಡುವ ಫಲವನ್ನು ಐದನೆಯ ಬುಟ್ಟಿ ಕೊಡುವುದಿಲ್ಲ. ಇದ್ದ ಗೊಬ್ಬರ, ಇದ್ದ ಆಳುಗಳನ್ನೇ ಎಲ್ಲ ತುಂಡುಗಳಿಗೂ ಸರಿಯಾಗಿ ಹಂಚಿದ್ದರೆ ಶೇಕಡಾ 6ರಷ್ಟು ಹೆಚ್ಚು ಬೆಳೆ ಬರುತ್ತಿತ್ತೆಂದು ಉಡ್ರಿ ಅಂದಾಜು ಮಾಡಿದರು. ಹೊಸ ಬಂಡವಾಳ ಬೇಕಿರಲಿಲ್ಲ, ಹೊಸ ತಳಿ ಬೇಕಿರಲಿಲ್ಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯೂ 2011ರ ವರದಿಯಲ್ಲಿ ಇದೇ ಧಾಟಿಯ ಅಂದಾಜು ಕೊಟ್ಟಿತು. ಭೂಮಿ, ಸಾಲ, ಗೊಬ್ಬರ, ತರಬೇತಿಗಳು ಗಂಡಸರಿಗೆ ದೊರೆತಂತೆಯೇ ಹೆಂಗಸರಿಗೂ ದೊರೆತರೆ ಅವರ ಹಿಡುವಳಿಗಳ ಇಳುವರಿ ಶೇಕಡಾ 20ರಿಂದ 30ರಷ್ಟು ಏರಬಹುದು. ಬೆಳೆಯುತ್ತಿರುವ ದೇಶಗಳ ಒಟ್ಟು ಕೃಷಿ ಉತ್ಪನ್ನ ಶೇಕಡಾ 2.5ರಿಂದ 4ರಷ್ಟು ಹೆಚ್ಚಬಹುದು ಎಂಬುದು ಅದರ ಎಣಿಕೆ.

ಕಾಲ ಕಳೆದರೆ ಸಾಕೇ?

ದೇಶ ಶ್ರೀಮಂತವಾದರೆ ಹೆಂಗಸರ ಸ್ಥಿತಿಯೂ ತಾನಾಗಿ ಸುಧಾರಿಸುತ್ತದೆ ಎಂಬ ವಾದವಿದೆ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ನಲ್ಲಿ ನೀರು, ಅಡುಗೆ ಅನಿಲ, ಹತ್ತಿರದ ಆಸ್ಪತ್ರೆ ಬಂದಾಗ ಹೆಂಗಸರ ಹೊರೆ ಇಳಿಯುತ್ತದೆ. ಆದರೆ 2004-05ರಿಂದ 2011-12ರವರೆಗೆ ನಮ್ಮ ದೇಶದ ಉತ್ಪನ್ನ ವೇಗವಾಗಿ ಬೆಳೆಯುತ್ತಿದ್ದಾಗಲೇ ಗ್ರಾಮೀಣ ಹೆಂಗಸರು ದುಡಿಮೆಯಲ್ಲಿ ತೊಡಗುವ ಪ್ರಮಾಣ ಗಣನೀಯವಾಗಿ ಇಳಿಯಿತು. ಹೆಣ್ಣುಮಕ್ಕಳು ಹೆಚ್ಚು ಓದತೊಡಗಿದ್ದು ಇದಕ್ಕೆ ಒಂದು ಕಾರಣವಾದರೂ ಅದೊಂದೇ ಕಾರಣವಲ್ಲ. 2019ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಎಸ್ತರ್ ಡುಫ್ಲೋ ಅವರು 2012ರ ತಮ್ಮ ಲೇಖನದಲ್ಲಿ ಎರಡೂ ಕಡೆಯವರಿಗೆ ಎಚ್ಚರಿಕೆ ಹೇಳಿದ್ದಾರೆ. ಬೆಳವಣಿಗೆಯೊಂದರಿಂದಲೇ ಸಮಾನತೆ ಬರುವುದಿಲ್ಲ. ಸಬಲೀಕರಣವೊಂದೇ ಎಲ್ಲ ರೋಗಕ್ಕೂ ಮದ್ದಾಗುವುದೂ ಇಲ್ಲ. ಆದುದರಿಂದ ಕಾಯುತ್ತ ಕುಳಿತರೆ ಆಗದು, ಕೆಲವನ್ನು ಮಾಡಲೇಬೇಕು.

ಪಹಣಿಯಲ್ಲಿ ಯಾರ ಹೆಸರು?

2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14 ಮಾತ್ರ. ತೋಟದಲ್ಲಿ ದುಡಿಯುವವರು ಒಬ್ಬರು, ದಾಖಲೆಯಲ್ಲಿ ಹೆಸರಿರುವವರು ಇನ್ನೊಬ್ಬರು. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಬೆಳೆಸಾಲ, ವಿಮೆ, ಸಹಾಯಧನಗಳಿಗೆ ದಾರಿ ಕಷ್ಟ. ಯಜಮಾನ ತೀರಿಕೊಂಡ ಮನೆಗಳಲ್ಲಿ ಇದರ ಬಿಸಿ ತಟ್ಟುತ್ತದೆ. ಖಾತೆ ಬದಲಾಗುವವರೆಗೆ ಸಾಲ ಸಿಗದೆ, ಸಕಾಲಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲಾಗದೆ, ಒಂದೇ ಮಳೆಗಾಲದಲ್ಲಿ ಫಸಲು ಕಳೆದುಕೊಳ್ಳುವ ಸಂಭವವಿರುತ್ತದೆ.

ಕಾನೂನಿನ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಪಾಲು ಎಂಬ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲಿ ಬಂತು. ಆಗ ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಡಲಾಗಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದ ಉಳಿಯಲಿಲ್ಲ. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪು ನೀಡಿತು. ಇತರ ಧರ್ಮದವರಿಗೆ ಅವರವರ ಉತ್ತರಾಧಿಕಾರ ನಿಯಮಗಳಿವೆ.

1994ರ ತಿದ್ದುಪಡಿಯಿಂದ ಏನಾಯಿತು? ಕರ್ನಾಟಕ ಮತ್ತು ಮಹಾರಾಷ್ಟ್ರದ ಗ್ರಾಮೀಣ ಕುಟುಂಬಗಳ ಮಾಹಿತಿಯನ್ನು ಕ್ಲಾಸ್ ಡೈನಿಂಗರ್ ಮತ್ತು ಸಂಗಡಿಗರು ಪರಿಶೀಲಿಸಿದರು. ಹೆಣ್ಣುಮಕ್ಕಳಿಗೆ ಭೂಮಿ ದೊರೆಯುವ ಸಂಭವ ಹೆಚ್ಚಾಗಿತ್ತು. ಆದರೆ ಗಂಡುಮಕ್ಕಳ ಸಮಕ್ಕೆ ಬಂದಿರಲಿಲ್ಲ. ಹೆಣ್ಣುಮಕ್ಕಳ ಮದುವೆಯ ವಯಸ್ಸು ಮತ್ತು ಓದು ಎರಡೂ ಏರಿದ್ದವು. ಚೀನಾದ ಚಹಾ ಹೇಳಿದ್ದನ್ನೇ ನಮ್ಮ ನೆಲವೂ ಇನ್ನೊಂದು ರೀತಿಯಲ್ಲಿ ಹೇಳಿತೆನ್ನಬಹುದು.

ಇಲ್ಲಿ ಸಣ್ಣ ಹಿಡುವಳಿದಾರರ ಒಂದು ಆತಂಕವನ್ನು ಮರೆಮಾಚುವಂತಿಲ್ಲ. ಎರಡು ಎಕರೆ ತೋಟದಲ್ಲಿ ಮಗಳಿಗೂ ಪಾಲು ಎಂದರೆ ತೋಟ ಚೂರಾಗುವುದಿಲ್ಲವೇ? ಈ ಭಯ ಸುಳ್ಳಲ್ಲ. ಆದರೆ ಇಬ್ಬರು ಗಂಡುಮಕ್ಕಳು ಹಿಸೆಯಾದಾಗಲೂ ತೋಟ ಚೂರಾಗುತ್ತದೆ. ಆಗ ನಾವು ಒಬ್ಬ ಮಗನ ಹಕ್ಕನ್ನು ಅಳಿಸುವುದಿಲ್ಲ. ಹಕ್ಕು ಇರುವುದು ಬೇರೆ, ಬೇಲಿ ಹಾಕಿ ತುಂಡು ಮಾಡುವುದು ಬೇರೆ. ತೋಟವನ್ನು ಜಂಟಿಯಾಗಿಟ್ಟು ಆದಾಯ ಹಂಚಿಕೊಳ್ಳಬಹುದು. ನೋಡಿಕೊಳ್ಳುವವರು ಉಳಿದವರ ಪಾಲನ್ನು ನ್ಯಾಯವಾದ ಬೆಲೆಗೆ ಕಂತಿನಲ್ಲಿ ಕೊಳ್ಳಬಹುದು. ಮದುವೆಯ ಖರ್ಚನ್ನೇ ಪಾಲೆಂದು ಎಣಿಸಿ, ಓದಿ ಹೇಳದೆ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು ಮಾತ್ರ ಸರಿಯಾದ ದಾರಿಯಲ್ಲ. ಅಂಥ ಪತ್ರದ ಹಿಂದೆ ವ್ಯಾಜ್ಯ ಬಂದರೆ ಹಾಳಾಗುವುದು ತೋಟವೇ.

ನಾವು ಮಾಡಬಹುದಾದುದು

ಸದಸ್ಯ ಬಾಂಧವರು ಈ ಕೆಳಗಿನ ಅಂಶಗಳನ್ನು ಮನೆಯಲ್ಲಿ ಕುಳಿತು ಪರಿಶೀಲಿಸಬೇಕೆಂದು ಕೋರುತ್ತೇವೆ.

1. ಸಾಧ್ಯವಿರುವಲ್ಲಿ ಪತ್ನಿಯ ಹೆಸರನ್ನೂ ಜಂಟಿಯಾಗಿ ದಾಖಲೆಗೆ ಸೇರಿಸುವುದು. ಹೊಸದಾಗಿ ಭೂಮಿ ಕೊಳ್ಳುವಾಗ ಇದು ಬಲು ಸುಲಭ. ಭೂಮಿ ಅವರ ಹೆಸರಿಗೆ ಬಂದಲ್ಲಿ ಸಂಘದ ಸದಸ್ಯತ್ವಕ್ಕೂ ಅರ್ಜಿ ಹಾಕಿಸುವುದು. ಸಹಕಾರದಲ್ಲಿ ಎಕರೆಗೆ ಮತವಿಲ್ಲ, ಸದಸ್ಯರಿಗೆ ಮತ.

2. ಸಾಲದ ಬಾಕಿ, ಠೇವಣಿ, ವಿಮೆ, ಮಾಲಿನ ಲೆಕ್ಕ – ಇವು ಮನೆಯಾಕೆಗೆ ತಿಳಿದಿರಬೇಕು. ಪಾಸ್‌ಪುಸ್ತಕ ಎಲ್ಲಿದೆ ಎಂಬುದಷ್ಟೇ ಅಲ್ಲ, ಅದರಲ್ಲಿ ಏನಿದೆ ಎಂಬುದೂ ತಿಳಿದಿರಬೇಕು.

3. ಒಂದೇ ಕೆಲಸಕ್ಕೆ ಒಂದೇ ಕೂಲಿ. 1976ರ ಸಮಾನ ವೇತನ ಕಾಯ್ದೆ ಹೇಳಿದ್ದು ಇದನ್ನೇ. 2019ರ ವೇತನ ಸಂಹಿತೆಯಲ್ಲೂ ಆ ತತ್ತ್ವ ಉಳಿದಿದೆ. ಹೆಣ್ಣಾಳಿನ ಕೂಲಿಯನ್ನು ಆಕೆಯ ಕೈಗೆ ಅಥವಾ ಆಕೆಯ ಖಾತೆಗೇ ಕೊಡುವುದು. ಗಂಡನ ಮುಂಗಡಕ್ಕೆ ವಜಾ ಮಾಡಿಕೊಳ್ಳದಿರುವುದು.

4. ಸುಲಿಯುವ ಯಂತ್ರ ಬಂದ ಕಡೆ ಸುಲಿಗೆಯ ಕೂಲಿ ಹೆಂಗಸರ ಕೈಯಿಂದ ಯಂತ್ರದ ಕಡೆಗೆ ಹೋಗುತ್ತದೆ. ಯಂತ್ರ ಬೇಡವೆನ್ನಲಾಗದು. ಅದನ್ನು ನಡೆಸುವುದನ್ನು ಹೆಂಗಸರಿಗೂ ಕಲಿಸಿದರೆ ದುಡಿಮೆ ಉಳಿಯುತ್ತದೆ, ಆಳಿನ ಅಭಾವವೂ ತಗ್ಗುತ್ತದೆ.

5. ಮಣ್ಣು ಪರೀಕ್ಷೆ, ರೋಗ ನಿಯಂತ್ರಣ ಮುಂತಾದ ತರಬೇತಿಗಳಿಗೆ ಮನೆಯ ಹೆಂಗಸರನ್ನೂ ಕರೆತರುವುದು. ತರಬೇತಿಯ ಹೊತ್ತನ್ನು ಅವರಿಗೆ ಅನುಕೂಲವಾಗುವಂತೆ ಗೊತ್ತುಮಾಡುವುದು ಸಂಘಗಳ ಕೆಲಸ.

ದೇಶದ ಆದಾಯದ ಅಂಕಿಗಳು ದೊಡ್ಡ ಕಚೇರಿಗಳಲ್ಲಿ ತಯಾರಾದರೂ ಅದರ ಮೂಲ ಕೋಟಿಗಟ್ಟಲೆ ಸಣ್ಣ ಮನೆಗಳ ದುಡಿಮೆ ಮತ್ತು ತೀರ್ಮಾನಗಳಲ್ಲಿದೆ. ಹೆಂಗಸರ ದುಡಿಮೆ ಈಗಾಗಲೇ ನಮ್ಮ ತೋಟಗಳಲ್ಲಿದೆ. ಹೆಸರು, ಹಣ ಮತ್ತು ಮಾತು ಅದರ ಜೊತೆ ಸೇರಬೇಕಾಗಿದೆ. ಈ ಬಗೆಗೆ ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ವಿಚಾರ ವಿನಿಮಯ ನಡೆಯಲಿ, ಆ ಸಭೆಗೆ ಸದಸ್ಯರು ದಂಪತಿಸಹಿತ ಬರಲಿ ಎಂಬುದು ನಮ್ಮ ವಿನಂತಿ.