ಮಾತಿನ ಚಿತ್ರದೊಳಗಣ ಮೌನ

ಶೋಕವನ್ನು ಕಂಡು ಸುಖಪಡುವುದೆಂತು ಎಂಬ ಪ್ರಶ್ನೆ ನಮ್ಮ ಆಲಂಕಾರಿಕರಿಗೆ ಬಹು ಹಳೆಯದು. ಕರುಣವನ್ನೂ ರಸವೆಂದೇ ಎಣಿಸಿದ ಅವರ ಮತವು ಎಷ್ಟು ಸಾಧುವೆಂಬುದನ್ನು, ಈಚೆಗೆ ಮೊಮ್ಮಗನೊಡನೆ ಮನೆಯಲ್ಲಿ ಕುಳಿತು ನೋಡಿದ ಹಳೆಯ ಹಾಲಿವುಡ್ ಚಿತ್ರವೊಂದು ನಮಗೆ ಮನಗಾಣಿಸಿತು.

ಚಿತ್ರದ ಹೆಸರು ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’. ಪಶ್ಚಿಮ ರಣರಂಗದಲ್ಲಿ ಎಲ್ಲವೂ ಶಾಂತವೆಂದು ತಾತ್ಪರ್ಯ. ಜರ್ಮನ್ ಲೇಖಕ ರೆಮಾರ್ಕರ ಕಾದಂಬರಿಯನ್ನು ಆಧರಿಸಿ ಲ್ಯೂಯಿಸ್ ಮೈಲ್‌ಸ್ಟೋನರು ನಿರ್ದೇಶಿಸಿದ ಇದು ೧೯೩೦ರಲ್ಲಿ ತೆರೆಕಂಡಿತು. ಶ್ರೇಷ್ಠ ಚಿತ್ರಕ್ಕೂ ಶ್ರೇಷ್ಠ ನಿರ್ದೇಶನಕ್ಕೂ ಸಲ್ಲುವ ಅಕಾಡೆಮಿ ಪ್ರಶಸ್ತಿಗಳೆರಡೂ ಇದಕ್ಕೆ ದೊರೆತುವು. ಚಿತ್ರಗಳು ಮಾತನಾಡಲು ಆಗತಾನೆ ಕಲಿಯುತ್ತಿದ್ದ ಕಾಲವದು.

ಕಥೆಯು ೧೯೧೪ರಲ್ಲಿ ಮೊದಲಾದ ಮಹಾಯುದ್ಧಕ್ಕೆ ಸೇರಿದುದು. ಜರ್ಮನಿಯ ಒಂದು ಪಾಠಶಾಲೆ. ಹೊರಗೆ ಬೀದಿಯಲ್ಲಿ ಸೈನ್ಯವು ವಾದ್ಯಘೋಷದೊಡನೆ ಸಾಗುತ್ತಿರುವುದು. ಒಳಗೆ ಕಾಂಟೊರೆಕ್ ಎಂಬ ಉಪಾಧ್ಯಾಯನು, ದೇಶಕ್ಕಾಗಿ ಮಡಿಯುವುದನ್ನು ಕೊಂಡಾಡುವ ಲ್ಯಾಟಿನ್ ಸೂಕ್ತಿಯೊಂದನ್ನು ಉದ್ಧರಿಸಿ ಬಾಲಕರನ್ನು ಹುರಿದುಂಬಿಸುತ್ತಾನೆ. ಹುಡುಗರು ಹಾಡುತ್ತ ಹೊರಟು ಸೈನ್ಯವನ್ನು ಸೇರುತ್ತಾರೆ; ಮುಂದೆ ಒಬ್ಬೊಬ್ಬರಾಗಿ ಅಳಿಯುತ್ತಾರೆ. ಸತ್ತವನೊಬ್ಬನ ಒಳ್ಳೆಯ ಬೂಟುಗಳು ಗೆಳೆಯನ ಕಾಲಿಗೆ ಬರುತ್ತವೆ. ಅವನೂ ಸಾಯಲು ಇನ್ನೊಬ್ಬನ ಕಾಲಿಗೆ ಹೋಗುತ್ತವೆ.

ಕಥಾನಾಯಕ ಪಾಲನು ಗುಂಡಿಯೊಂದರಲ್ಲಿ ಅಡಗಿರುವಾಗ, ಒಳಕ್ಕೆ ಧುಮುಕಿದ ಫ್ರೆಂಚ್ ಸೈನಿಕನನ್ನು ಇರಿಯುತ್ತಾನೆ. ಬಳಿಕ ಅವನ ಬಳಿಯಲ್ಲಿಯೇ ರಾತ್ರಿ ಕಳೆದು ಕ್ಷಮೆ ಬೇಡುತ್ತಾನೆ. ಆ ಸೈನಿಕನ ಪಾತ್ರಧಾರಿ ರೇಮಂಡ್ ಗ್ರಿಫಿತ್ ಮೂಕಚಿತ್ರಗಳ ಹೆಸರಾಂತ ಹಾಸ್ಯನಟ. ಅವರ ಕಂಠವು ಕೆಟ್ಟು, ಧ್ವನಿಯು ಪಿಸುಮಾತಿನಷ್ಟೇ ಉಳಿದಿದ್ದಿತು. ಮಾತಿನ ಚಿತ್ರದಲ್ಲಿ ಒಂದು ಮಾತೂ ಇಲ್ಲದ ಈ ಪಾತ್ರದಲ್ಲಿ ಅವರ ಮುಖವೇ ಎಲ್ಲವನ್ನೂ ಹೇಳಿಬಿಡುತ್ತದೆ.

ರಜೆಯಲ್ಲಿ ಊರಿಗೆ ಬಂದ ಪಾಲನನ್ನು ಅದೇ ಉಪಾಧ್ಯಾಯನು ಹೊಸ ಬಾಲಕರ ಮುಂದೆ ನಿಲ್ಲಿಸಿ, ರಣರಂಗದ ವೀರಕಥೆಯನ್ನು ಹೇಳೆನ್ನುತ್ತಾನೆ. ಪಾಲನು ಸತ್ಯವನ್ನು ನುಡಿದರೆ, ಬಾಲಕರು ಅವನನ್ನು ಹೇಡಿಯೆಂದು ಹಳಿಯುತ್ತಾರೆ. ಚಿತ್ರಕ್ಕೂ ಇದೇ ಗತಿಯೊದಗಿತು. ೧೯೩೦ರ ಡಿಸೆಂಬರಿನಲ್ಲಿ ಬರ್ಲಿನ್ ನಗರದಲ್ಲಿ ನಾಜಿಗಳು ಚಿತ್ರಮಂದಿರದೊಳಗೆ ಇಲಿಗಳನ್ನು ಬಿಟ್ಟು ಪ್ರದರ್ಶನವನ್ನು ಕೆಡಿಸಿದರು. ಕೆಲವೇ ದಿನಗಳಲ್ಲಿ ಜರ್ಮನಿಯಲ್ಲಿ ಚಿತ್ರಕ್ಕೆ ನಿಷೇಧವಾಯಿತು.

ಪಾಲನ ಈ ಪ್ರಸಂಗವನ್ನು ನೋಡುತ್ತ ನಮ್ಮ ಎದೆ ನಡುಗಿತು. ನಾವೂ ಉಪಾಧ್ಯಾಯರಾಗಿದ್ದವರು, ರಣದಲ್ಲಿ ಮಡಿದವನಿಗೆ ಸ್ವರ್ಗವೆಂದು ಉತ್ಸಾಹದಿಂದ ಶ್ಲೋಕಗಳಿಗೆ ಅರ್ಥ ಹೇಳಿದವರು. ಸೈನ್ಯಕ್ಕೆ ಸೇರಿದ್ದ ಶಿಷ್ಯನೊಬ್ಬನು ಒಮ್ಮೆ ರಜೆಯಲ್ಲಿ ನಮ್ಮನ್ನು ಕಾಣಲು ಬಂದನು. ನಾವು ಅವನಿಗೆ ಹಾರ ಹಾಕಿ, ‘ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ’ ಎಂದೆವು. ಅವನು ಬಹಳ ಹೊತ್ತು ಸುಮ್ಮನೆ ನಿಂತಿದ್ದು, ‘ಚೆನ್ನಾಗಿ ಓದಿ’ ಎಂದಷ್ಟೇ ಹೇಳಿ ಕುಳಿತುಬಿಟ್ಟನು. ಅಂದು ನಮಗೆ ಅಸಮಾಧಾನವಾಗಿದ್ದಿತು. ಆ ಮೌನದ ಅರ್ಥವು ಇಂದು ತಿಳಿಯಿತು.

ಚಿತ್ರದ ಕೊನೆಯಲ್ಲಿ ಪಾಲನು ಕಂದಕದಿಂದ ಚಿಟ್ಟೆಯೊಂದರ ಕಡೆಗೆ ಕೈ ಚಾಚುತ್ತಾನೆ. ಒಂದು ಗುಂಡಿನ ಸದ್ದು, ಕೈ ನಿಶ್ಚಲವಾಗುತ್ತದೆ. ತೆರೆಯಲ್ಲಿ ಕಾಣುವ ಆ ಕೈ ನಿರ್ದೇಶಕರದೇ.

ಸಹೃದಯರಾದ ವಾಚಕರು ಬೆಳೆದ ಮಕ್ಕಳೊಡನೆ ಕುಳಿತು ಈ ಚಿತ್ರವನ್ನು ನೋಡಲಿ. ಆ ಶಿಷ್ಯನು ಇನ್ನೊಮ್ಮೆ ಬಂದರೆ ನಾವು ಅವನನ್ನು ಏನನ್ನೂ ಕೇಳುವುದಿಲ್ಲ. ಬಳಿಯಲ್ಲಿ ಕುಳ್ಳಿರಿಸಿಕೊಂಡು ಸುಮ್ಮನಿರುವೆವು.